ಸುಣ್ಣದ ಗೆರಿಯ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡ್ರು ಅಂತ ಫೋನ್ ಬಂದಾಗ ನಾ ಗೋವಾದ ಕೊರ್ತಾಲಿಮ್‌ದಾಗ ಒಬ್ಬರ ಬಚ್ಚಲಮನಿಗೆ ಟೈಲ್ಸ್ ಕೂಡಸಾಕತ್ತಿದ್ದೆ. ಮೊಳಕಾಲು ಊರಿ ಕುಂತಾಂವಗ ಏಳಾಕ ಆಗಲಿಲ್ಲ. ಸುದ್ದಿ ಕೇಳಿ ಅಲ್ಲ, ಮೊಳಕಾಲು ಹಿಡಕೊಂಡಿತ್ತು. ಈಗೀಗ ಹಿಂಗ ಆಗೈತಿ. ಮನಸಿಗೆ ಏನರ ತಟ್ಟೂದ್ರಾಗ ಮೈ ತನ್ನದೊಂದು ತಕರಾರು ತಗೊಂಡು ಮುಂದ ಬರ್ತೈತಿ.

ಫೋನ್ ಮಾಡಿದಾಕಿ ಮೇಸ್ತ್ರಿ ಮಗಳು. ವಿಜಯಪುರದ ಕಡೆ ಒಂದು ಹಳ್ಳಿಯೊಳಗ ಅಂಗನವಾಡಿ ನಡಸ್ತಾಳ. ಕಡೀ ನಾಕು ವರ್ಷ ಅಪ್ಪನ್ನ ನೋಡಿಕೊಂಡಾಕಿ ಆಕಿನ. ಅಳಾಕತ್ತಿರ್ಲಿಲ್ಲ, ಅತ್ತು ಮುಗಿಸಿದ್ಲು ಅಂತ ಕಾಣ್ತೈತಿ.

“ಕಾಕಾ, ಅಪ್ಪಂದು ಒಂದು ಚಲೋ ಫೋಟೋ ನಿಮ್ಮ ಫೋನಿನ್ಯಾಗ ಐತೇನ್ರಿ? ದಿವಸದ ಕಾರ್ಯಕ್ಕ ಫ್ಲೆಕ್ಸ್ ಮಾಡಸಬೇಕು. ಇಲ್ಲಿ ಬರೇ ಆಧಾರ್ ಕಾರ್ಡಿಂದು ಐತಿ. ಅದ್ರಾಗ ಅಪ್ಪ ಯಾರ ಜೋಡಿನೋ ಜಗಳಾ ಮಾಡಿ ಬಂದವರಂಗ ಕಾಣ್ತಾರ.”

“ನೋಡ್ತೇನವಾ” ಅಂದೆ.

ಊಟಕ್ಕ ಕುಂತಾಗ ಹುಡುಕಿದೆ. ಒಂಬತ್ತು ಫೋಟೋ ಸಿಕ್ಕುವು, ಒಂದ್ರಾಗೂ ಮಾರಿ ಇಲ್ಲ. ಎಲ್ಲಾದ್ರಾಗೂ ಬಗ್ಗ್ಯಾರ. ದಾರ ಹಿಡದು ಬಗ್ಗ್ಯಾರ, ಸುಣ್ಣ ಚೆಲ್ಲಾಕ ಬಗ್ಗ್ಯಾರ, ಅಳತಿ ಪಟ್ಟಿ ಹಿಡದು ಬಗ್ಗ್ಯಾರ. ನನಗಂತೂ ಫೋಟೋ ಬೇಕಾಗಿಲ್ಲ. ಕಣ್ಣು ಮುಚ್ಚಿದ್ರ ಸಾಕು, ಮೇಸ್ತ್ರಿ ಬಂದು ನಿಂದರ್ತಾರ. ಕುಳ್ಳ ಆಳು, ಕಿವಿ ಹಿಂದ ಮೋಟು ಪೆನ್ಸಿಲ್, ಹೆಗಲ ಮ್ಯಾಲೆ ಸಿಮೆಂಟ್ ಹತ್ತಿ ಬಿರಸಾದ ಟಾವೆಲ್. ಚಹಾ ಕುಡೀತೀರೇನ್ರಿ ಅಂತ ಕೇಳಬೇಕು, ಅಷ್ಟು ಖರೇ ಕಾಣ್ತಾರ. ಆದ್ರ ಪೆನ್ಸಿಲ್ ಯಾವ ಕಿವಿ ಹಿಂದ ಇತ್ತು ಅಂತ ಯಾರರ ಗಟ್ಟಿಸಿ ಕೇಳಿದ್ರ ನಾ ಆಣಿ ಮಾಡಿ ಹೇಳೂದಿಲ್ಲ. ಆ ಬುದ್ಧಿ ಕಲಿಸಿದವರು ಅವರ.

ಅವರ ಕೈಕೆಳಗ ಕೆಲಸಕ್ಕ ಹೋದಾಗ ನನಗ ಇಪ್ಪತ್ತೆರಡು ವರ್ಷ. ಮಡಗಾವದ ಮೋತಿ ಡೊಂಗರ್‌ದಾಗ ನಮ್ಮ ಖೋಲಿ ಕೆಳಗ, ಅವರ ಖೋಲಿ ಮ್ಯಾಲೆ. ಗುಡ್ಡಕ್ಕ ಅಂಟಿಕೊಂಡ ಮನಿಗೋಳು, ಒಬ್ಬರ ತಗಡಿನ ಮ್ಯಾಲೆ ಇನ್ನೊಬ್ಬರ ಬಾಗಲಾ. ಊರಾಗ ನಾ ಎರಡು ವರ್ಷ ಗೌಂಡಿ ಕೆಲಸ ಮಾಡಿದ್ದೆ, ಗ್ವಾಡಿ ಕಟ್ಟಾಕ ಬರ್ತಿತ್ತು. ಹಿಂಗಾಗಿ ನಾ ಭಾಳ ಶಾಣ್ಯಾ ಅಂತ ನನಗ ಗೊತ್ತಿತ್ತು. ಬ್ಯಾರೆಯವರಿಗೆ ಗೊತ್ತಾಗೂದಷ್ಟ ಬಾಕಿ.

ಮೊದಲ ದಿನಾನ ಮೇಸ್ತ್ರಿನ್ನ ನೋಡಿ ನಕ್ಕೆ. ಒಂದು ಮನಿಗೆ ಪಾವಟಿಗಿ ಕಟ್ಟೂದಿತ್ತು, ಮ್ಯಾಲಿನ ಅಂತಸ್ತಿಗೆ ಹೋಗೂ ಮೆಟ್ಟಿಲು. ನಕ್ಷಿ ಕೈಯಾಗ ಐತಿ, ಸೆಂಟ್ರಿಂಗ್ ಹೊಡದು ಸಿಮೆಂಟ್ ಸುರುವಿದ್ರ ಮುಗೀತು. ಮೇಸ್ತ್ರಿ ಹಂಗ ಮಾಡ್ಲಿಲ್ಲ. ಅಂಗಳದಾಗ ಸುಣ್ಣದ ಪುಡಿ ಚೆಲ್ಲಿ, ಪಾವಟಿಗಿ ಎಷ್ಟು ಉದ್ದ ಎಷ್ಟು ಅಗಲ ಬರ್ತೈತೋ ಅಷ್ಟ ಗೆರಿ ಹಾಕಿದ್ರು. ಗೆರಿ ಮ್ಯಾಲೆ ಚಿರೇಕಲ್ಲು ಒಣದ ಪೇರಿಸಿ, ಸುಳ್ಳ ಪಾವಟಿಗಿ ಮಾಡಿದ್ರು. ಎರಡು ಬಿದಿರು ನೆಟ್ಟು, ಮ್ಯಾಲಿನ ತೊಲಿ ಎಷ್ಟು ಎತ್ತರಕ್ಕ ಬರ್ತೈತೋ ಅಲ್ಲಿಗೆ ಒಂದು ಹಗ್ಗ ಬಿಗದ್ರು. ಅಷ್ಟಾದ ಮ್ಯಾಲೆ ಸೈಟಿನ್ಯಾಗಿನ ಮಂದಿನೆಲ್ಲ ಕರದು ಒಬ್ಬೊಬ್ಬರನ್ನ ಹತ್ತಿಸಿದ್ರು. ಎತ್ತರ ಆಳುಗೋಳು ಹತ್ತಬೇಕು, ಉಸುಕಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬುಟ್ಟಿ ಸಮೇತ ಹತ್ತಬೇಕು. ಹಗ್ಗ ಯಾರ ತಲಿಗೂ ತಾಕಬಾರದು. ಅರ್ಧ ದಿನ ಇದ್ರಾಗ ಹೋತು. ಮನಿ ಮಾಲಕ ಗೋವಾದಾಂವ, ಇಂಥ ಮಾಲಕರಿಗೆ ನಾವೆಲ್ಲ ಅವರ ಕೊಂಕಣಿಯೊಳಗಿನಂಗ ಪಾತ್ರಾಂವ್, ಅಂದ್ರ ಧಣಿ, ಅಂತಿದ್ವಿ. ಆ ಪಾತ್ರಾಂವ್ ಬಂದು ನೋಡಿ, ಇದೇನು ನಾಟಕ ಹಚ್ಚೀರಿ ಅಂದ.

“ಕಟ್ಟಾವ್ರು ನಾವು, ಹತ್ತಾವ್ರು ಬ್ಯಾರೆ. ಅವರನ್ನ ಮೊದಲ ಕೇಳಿಕೋಬೇಕ್ರಿ” ಅಂದ್ರು ಮೇಸ್ತ್ರಿ.

ನಾ ಬಾಯಿ ಮುಚ್ಚಿಕೊಂಡು ಕುಂದರೂ ಪೈಕಿ ಅಲ್ಲ. “ಮೇಸ್ತ್ರಿ, ಇಷ್ಟೆಲ್ಲಾ ಯಾಕ್ರಿ? ಪಾವಟಿಗಿ ನನ್ನ ತಲ್ಯಾಗ ಪೂರಾ ಐತಿ” ಅಂದೆ. ಖರೇನ ಇತ್ತು. ನಕ್ಷಿ ಒಮ್ಮೆ ನೋಡಿದ್ರ ಮನಿ ಪೂರಾ ತಲ್ಯಾಗ ಎದ್ದು ನಿಂದರ್ತಿತ್ತು. ಒಳಗ ಅಡ್ಡಾಡಿ, ಕಿಡಕಿ ತಗದು ನೋಡಿ ಬರ್ತಿದ್ದೆ.

“ತಲ್ಯಾಗ ಐತಿ ಅನಬ್ಯಾಡೋ ತಮ್ಮಾ. ನೆಲದ ಮ್ಯಾಲೆ ಇಡು” ಅಂದ್ರು.

ಈ ಮಾತು ಅವರು ದಿನಕ್ಕ ನಾಕು ಸಲ ಅಂತಿದ್ರು. ಇನ್ನೊಂದು ಮಾತಿತ್ತು. ಗ್ವಾಡಿ ಒಂದು ಸ್ವಲ್ಪ ಓರಿ ಆದ್ರ ನಾವು, “ಇರ್ಲಿ ಬಿಡ್ರಿ, ಸಿಮೆಂಟಿನ ಗಿಲಾವ್ ಬಳದ ಮ್ಯಾಲೆ ಯಾರಿಗೆ ಕಾಣ್ತೈತಿ” ಅಂತಿದ್ವಿ. ಮೇಸ್ತ್ರಿ ಕಿವಿ ಹಿಂದಿನ ಪೆನ್ಸಿಲ್ ತಗದು, ಎಷ್ಟು ತಪ್ಪೈತೋ ಅಷ್ಟನ್ನ ಆ ಗ್ವಾಡಿ ಮ್ಯಾಲೇ ಬರೀತಿದ್ರು. ‘ಅರ್ಧ ಬೆರಳು ಬಲಕ್ಕ.’ ‘ಒಂದು ಬೆರಳು ಮುಂದಕ್ಕ.’ ಬೈತಿರ್ಲಿಲ್ಲ. ಬರದು ಹೋಗ್ತಿದ್ರು, ನಾವು ಒಡದು ಮತ್ತ ಕಟ್ಟತಿದ್ವಿ. “ಇರ್ಲಿ ಅಂದವನ ಗ್ವಾಡಿ ನಿಂದ್ರಂಗಿಲ್ಲ” ಅಂತಿದ್ರು. ಇಪ್ಪತ್ತು ವರ್ಷದಾಗ ಅವರ ಬಾಯಾಗ ‘ಇರ್ಲಿ’ ಅನ್ನೂ ಮಾತು ನಾ ಕೇಳಿಲ್ಲ.

ಮನ್ಯಾಗೂ ಹಂಗ ಇದ್ರು. ಅವರ ಹೆಂಡತಿಗೆ ನಾವೆಲ್ಲ ವೈನಿ ಅಂತಿದ್ವಿ. ಒಂದು ಸೆಕೆಂಡ್‌ಹ್ಯಾಂಡ್ ಕಪಾಟ ತರೂದಿತ್ತು. ಮೇಸ್ತ್ರಿ ಮೊದಲ ಖೋಲಿ ನೆಲದ ಮ್ಯಾಲೆ ಸುಣ್ಣದ ಗೆರಿ ಹಾಕಿ, ಎರಡು ದಿನ ಮನಿಯವರನ್ನೆಲ್ಲ ಆ ಗೆರಿ ಸುತ್ತ ಬಳಸಿ ಅಡ್ಡಾಡಿಸಿದ್ರು. “ನಮ್ಮ ಮನ್ಯಾಗ ರಂಗೋಲಿ ಹಾಕೂ ಕೆಲಸ ನನಗಿಲ್ಲಪಾ, ಇವರ ಹಾಕ್ತಾರ” ಅಂತ ವೈನಿ ನಗ್ತಿದ್ರು. ಅವರು ನಕ್ಕರ ಎಡಗಲ್ಲ ಬಲಗಲ್ಲಕ್ಕಿಂತ ಮ್ಯಾಲೆ ಏರ್ತಿತ್ತು. ಹಂಗಂತ ಈಗ ಅನ್ಕೊಂಡೇನಿ.

ಮೇಸ್ತ್ರಿ ಕಿಸೆದಾಗ ಯಾವಾಗ್ಲೂ ಒಂದು ದಾರದ ಉಂಡಿ. ಅದ್ರಾಗ ಗಂಟುಗೋಳು. ಇಲ್ಲಿಂದ ಇಲ್ಲಿಗೆ ವೈನಿ ಮುಂಗೈ, ಇಲ್ಲಿಗೆ ಮಗಳ ಪಾದ, ಇಲ್ಲಿಗೆ ಮಗಳ ನಡಾ. ಬಳಿ ತರಾಕ ಹೋದ್ರ ಅಂಗಡಿಯವ, “ಎಷ್ಟು ದಪ್ಪ ಐತ್ರಿ ಕೈ?” ಅಂತ ಕೇಳ್ತಾನ. ನಮ್ಮಂಥವರು ಗಾಳ್ಯಾಗ ಬೆರಳು ಆಡಿಸಿ, ಇಷ್ಟು ಅಂತೇವಿ. ಮೇಸ್ತ್ರಿ ದಾರ ಬಿಚ್ಚಿ ಮೇಜಿನ ಮ್ಯಾಲೆ ಇಡತಿದ್ರು. ಮಂದಿ ಇದನ್ನ ಜಿಪುಣತನ ಅಂದ್ರು, ಸಂಶೇ ಅಂದ್ರು. ಹೆಂಡತಿ ಕೈ ನೆನಪಿಲ್ಲದ ಗಂಡಸು ಅಂತ ನಾ ಸೈತ ಅವರ ಹಿಂದ ಚ್ಯಾಷ್ಟಿ ಮಾಡೇನಿ. ಈಗ ಹೇಳಾಕ ನಾಚಿಕಿ ಬರ್ತೈತಿ.

ಒಂದು ಸಲ ಅವರ ಮ್ಯಾಲೆ ಖರೇನ ಸಿಟ್ಟು ಬಂದಿತ್ತು. ಕೊರ್ತಾಲಿಮ್‌ದ ಒಂದು ಸೈಟಿನ್ಯಾಗ ನಮ್ಮ ಜೋಡಿಯಾಂವ ಒಬ್ಬ ಬಿದಿರಿನ ಅಟ್ಟಣಿಗಿ ಮ್ಯಾಲಿಂದ ಬಿದ್ದು ಸತ್ತ. ಅವನ ತಲಿ ತೊಡಿ ಮ್ಯಾಲೆ ಇಟಗೊಂಡು ಕುಂತವರು ಮೇಸ್ತ್ರಿ. ಅಂಗಿ ತುಂಬ ರಕ್ತ. ಮರುದಿನ ಅವರು ಹೊಟ್ಟಿ ತುಂಬ ಉಂಡು, ಯಾವತ್ತಿನಂಗ ಕೆಲಸಕ್ಕ ಬಂದ್ರು. ನಾ ಹದಿನೈದು ದಿನ ಅನ್ನ ಬಾಯಿಗಿಡಲಿಲ್ಲ. ಬಿದ್ದಾಗ ಅವನ ಒಂದು ಚಪ್ಪಲಿ ಮ್ಯಾಲೆ ಬಿದಿರಿಗೆ ಸಿಕ್ಕು ಜೋತಾಡಾಕತ್ತಿತ್ತು. ಅದು ನನಗ ಇವತ್ತಿಗೂ ಕಾಣ್ತೈತಿ. ಉಣ್ಣಾಗ ಕಾಣ್ತೈತಿ, ಬಸ್ಸಿನ್ಯಾಗ ಕುಂತಾಗ ಕಾಣ್ತೈತಿ, ನೀಲಿ ಪಟ್ಟಿ, ಹಿಮ್ಮಡಿ ಸವದೈತಿ. ನನ್ನ ತಲಿ ಅಂದ್ರ ಬಂದ್ ಮಾಡಾಕ ಬರದ ಟಿವಿ ಇದ್ದಂಗ. ಬ್ಯಾಸತ್ತು ಹೋಗೇನಿ.

“ನಿಮ್ಮದು ಎದಿಯೋ ಕಲ್ಲೋ?” ಅಂತ ಅವತ್ತು ಮೇಸ್ತ್ರಿಗೆ ಕೇಳೇಬಿಟ್ಟೆ.

ಅವರು ಸಿಟ್ಟಿಗೇಳಲಿಲ್ಲ. “ಅಂವ ಬಿದ್ದದ್ದು ನನಗ ಗೊತ್ತೈತಿ. ಅದಕ್ಕ ಈಗ ಹಗ್ಗದ ಗಂಟು ಎರಡು ಸಲ ನೋಡ್ತೇನಿ” ಅಂದ್ರು. ನನಗ ಈ ಉತ್ತರ ತಿಳೀಲಿಲ್ಲ. ಗೊತ್ತಿರೂದು ಬ್ಯಾರೆ, ಕಾಣೂದು ಬ್ಯಾರೆ ಅಂತ ನನಗಾರ ಯಾರು ಹೇಳಿದ್ರು?

ಅದು ತಿಳಿದದ್ದು ವೈನಿ ಹೋದ ಮ್ಯಾಲೆ.

ವೈನಿಗೆ ಹೊಟ್ಟಿನೋವು ಸುರು ಆಗಿ, ಊರ ಕಡಿ ದೊಡ್ಡ ದವಾಖಾನಿಗೆ ತೋರಸ್ತೇವಿ ಅಂತ ಮೇಸ್ತ್ರಿ ಆಕಿನ್ನೂ ಮಗಳನ್ನೂ ಕರಕೊಂಡು ಹ್ವಾದ್ರು. ಮಗಳಿಗೆ ಆಗ ಹನ್ನೊಂದೋ ಹನ್ನೆರಡೋ. ಹೋಗೂ ಮುಂದ ನನ್ನ ಕರದು, “ಈ ಹೊಸಾ ಮನಿ ಪಾವಟಿಗಿ ಕೆಲಸ ನಿನಗ ಬಿಟ್ಟೇನಿ. ಸುಣ್ಣ ಹಾಕಿ ನೋಡು, ಹಗ್ಗ ಕಟ್ಟು, ಮಂದಿ ಹತ್ತಿಸು. ಆಮ್ಯಾಲೆ ಸಿಮೆಂಟ್ ಸುರುವು” ಅಂದ್ರು. ಹೂಂ ಅಂದೆ.

ಸುಣ್ಣ ಹಾಕಲಿಲ್ಲ. ಯಾಕ ಹಾಕಲಿ? ನನ್ನ ತಲ್ಯಾಗ ಆ ಪಾವಟಿಗಿ ನಾ ಹತ್ತು ಸಲ ಹತ್ತಿ ಇಳದಿದ್ದೆ. ಕಡೀ ಮೆಟ್ಟಿಲ ಮ್ಯಾಲೆ ಕಿಡಕಿ ಬೆಳಕು ಎಲ್ಲಿ ಬೀಳ್ತೈತಿ ಅನ್ನೂದು ಸೈತ ಕಂಡಿತ್ತು. ಕಟ್ಟಿಸಿ, ಸೆಂಟ್ರಿಂಗ್ ಬಿಚ್ಚಿ, ಮೀಸಿ ತಿರುವಿಕೊಂಡು ಕುಂತೆ.

ಒಂದೂವರೆ ತಿಂಗಳಿಗೆ ಮೇಸ್ತ್ರಿ ತಿರುಗಿ ಬಂದ್ರು. ವೈನಿ ಹೋಗಿಬಿಟ್ಟಿದ್ರು, ದಿವಸ ಮುಗಿಸಿ, ಮಗಳನ್ನ ಅತ್ತಿ ಮನ್ಯಾಗ ಬಿಟ್ಟು ಬಂದಿದ್ರು. ಖೋಲಿಗೆ ಹೋಗದ ಚೀಲ ಸಮೇತ ಸೈಟಿಗೇ ಬಂದ್ರು. ಖಾಲಿ ಖೋಲಿ ಬಾಗಲಾ ತಗಿಯಾಕ ಮನಸಿರ್ಲಿಲ್ಲ ಅಂತ ಕಾಣ್ತೈತಿ. ಚೀಲ ಕೆಳಗಿಟ್ಟು ಸುಮ್ಮನ ಪಾವಟಿಗಿ ಹತ್ತಿದ್ರು. ಆರನೇ ಮೆಟ್ಟಿಲಿಗೆ ತಲಿ ತೊಲಿಗೆ ಬಡೀತು. ಕುಳ್ಳ ಆಳಿಗೇ ಬಡೀತು ಅಂದ್ರ ಉಳದವರ ಗತಿ ಏನು? ನನ್ನ ತಲ್ಯಾಗಿನ ಪಾವಟಿಗ್ಯಾಗ ಎಲ್ಲಾ ಇತ್ತು, ಬೆಳಕು ಸೈತ ಇತ್ತು. ತೊಲಿ ಒಂದನ್ನ ನಾ ಅಲ್ಲಿ ಇಟ್ಟಿರ್ಲೇ ಇಲ್ಲ.

ಹಣಿ ಒರಸಿಕೊಂಡು ಪೆನ್ಸಿಲ್ ತಗದು ತೊಲಿ ಮ್ಯಾಲೆ ಬರದ್ರು: ‘ಒಂದು ಗೇಣು ಕಮ್ಮಿ.’ ಆಮ್ಯಾಲೆ ಆ ಆರನೇ ಮೆಟ್ಟಿಲ ಮ್ಯಾಲೇ ಕುಂತ್ರು. ನಾ ಕೆಳಗ ನಿಂತಿದ್ದೆ. ಆ ಮನಿ ಪಾತ್ರಾಂವ್ ಬಂದು ಒದರ್ಯಾಡಿದ, ಅವರು ತಲಿ ಬಗ್ಗಿಸಿ ಕೇಳಿದ್ರು. ತಪ್ಪು ನಂದು ಅಂತ ನನ್ನ ಹೆಸರು ಹೇಳಲಿಲ್ಲ. “ಒಡೀತೇವ್ರಿ” ಅಂದ್ರು. ಎರಡು ದಿನ ಸುತ್ತಗಿ ಹಿಡದು ನನ್ನ ಜೋಡಿ ಒಡದ್ರು. ಹೆಂಡತಿ ಸತ್ತ ದುಃಖದಾಗ ಇದ್ದ ಮನಷ್ಯಾಗ ನಾ ಕೊಟ್ಟ ಕೆಲಸ ಅದು.

ಮೂರನೇ ದಿನ ಚಹಾಕ್ಕ ಕುಂತಾಗ ನಾ ತಡೀಲಾರದ ಅಂದೆ, “ಮೇಸ್ತ್ರಿ, ತಪ್ಪಾತ್ರಿ. ವೈನಿ ನನಗ ಕಣ್ಣ ಮುಂದ ಬರ್ತಾರ. ಬಂದು ಬೈದಂಗಾಗ್ತೈತಿ.”

ಅವರು ಕಪ್ ಕೆಳಗಿಟ್ರು. “ಕಣ್ಣ ಮುಂದ ಬರ್ತಾಳ ಅಂದ್ರ?”

“ಅಂದ್ರ... ಕಾಣ್ತಾರ್ರಿ.”

“ಖರೇನ ಕಾಣ್ತಾಳ? ಮಾರಿ, ಬಣ್ಣ, ಎಲ್ಲಾ?”

“ಹೌದ್ರಿ. ಯಾಕ, ನಿಮಗ ಕಾಣೂದಿಲ್ಲೇನ್ರಿ?”

ಮೇಸ್ತ್ರಿ ನನ್ನ ಮಾರಿ ಹಂಗ ನೋಡಿಕೋತ ಕುಂತ್ರು, ನಾ ಸುಳ್ಳು ಹೇಳಾಕತ್ತೇನೇನು ಅಂತ. “ನನಗ ಕಣ್ಣು ಮುಚ್ಚಿದ್ರ ಕತ್ತಲಿ” ಅಂದ್ರು. “ಆಕಿ ಹೆಂಗಿದ್ಲು ಅಂತ ಗೊತ್ತೈತಿ. ಮೂಗುತಿ ಎಡಕ್ಕ, ಗದ್ದದ ಮ್ಯಾಲೆ ಹಚ್ಚಿ, ನನ್ನ ಎರಡನೇ ಗುಂಡಿಗೆ ಆಕಿ ತಲಿ ಬರ್ತಿತ್ತು. ಗೊತ್ತೈತಿ, ಕಾಣಂಗಿಲ್ಲ. ಯಾವತ್ತೂ ಏನೂ ಕಂಡಿಲ್ಲ. ಮಂದಿ ಕಣ್ಣ ಮುಂದ ಬರ್ತೈತಿ ಅಂದ್ರ ಅದು ಮಾತಿಗೆ ಅನ್ನೂ ಮಾತು ಅನ್ಕೊಂಡಿದ್ದೆ. ಹೊಟ್ಟಿ ಉರೀತೈತಿ ಅಂತಾರ, ಒಳಗೇನು ಒಲಿ ಇರ್ತೈತಿ?”

“ಕನಸಿನ್ಯಾಗೂ ಇಲ್ಲೇನ್ರಿ?”

“ಬರ್ತಾಳ. ಎದ್ದ ಮ್ಯಾಲೆ, ಬಂದಿದ್ಲು ಅನ್ನೂದಷ್ಟ ಉಳೀತೈತಿ.”

ಅವತ್ತು ಅವರು ಸೈಟಿನ್ಯಾಗಿನ ಒಬ್ಬರನ್ನೂ ಬಿಡಲಿಲ್ಲ. ಪಾವಟಿಗಿ ಹತ್ತಿಸಿದಂಗ ಒಬ್ಬೊಬ್ಬರನ್ನ ಕರದು ಕೇಳಿದ್ರು, ನಿನಗ ನಿಮ್ಮವ್ವ ಕಾಣ್ತಾಳೇನು ಅಂತ. ಒಬ್ಬ ಹೊಗಿಯೊಳಗ ಕಂಡಂಗ ಅಂದ. ಉಸುಕು ಹೊರೂ ಒಬ್ಬಾಕಿ, ಮಾರಿ ಮಸುಕು, ದನಿ ಮಾತ್ರ ಕಿವಿಯಾಗ ಐತಿ ಅಂದ್ಲು. ಇನ್ನೊಬ್ಬ, ನೋಡ್ರಿ ಈಗ ಇಲ್ಲೇ ನಿಂತಾಳ ಅಂತ ಅಳಾಕ ಸುರು ಮಾಡಿದ. ಸಂಜಿಗೆ ಮೇಸ್ತ್ರಿ ಸೋತವರಂಗ ನನ್ನ ಕಡೆ ಬಂದ್ರು. “ಎಲ್ಲಾರಿಗೂ ಒಂದಿಷ್ಟರ ಕೊಟ್ಟಾನೋ ದೇವರು” ಅಂದ್ರು. ಹೊಟ್ಟಿಕಿಚ್ಚು ಇರ್ಲಿಲ್ಲ ಆ ಮಾತಿನ್ಯಾಗ, ಬರೇ ದಣಿವು. ನನ್ನ ತಲ್ಯಾಗಿನ ಆ ಚಪ್ಪಲಿ ತಗದು ಅವರಿಗೆ ಕೊಟ್ಟು, ಅವರ ಕತ್ತಲಿ ನಾ ಇಸಗೋಳೂ ಹಂಗಿದ್ರ ಅವತ್ತ ಇಸಗೊಂಡಿರ್ತಿದ್ದೆ.

“ನಿಮ್ಮ ವೈನಿ ಈಗ ಕಾಣ್ತಾಳೇನು?” ಅಂತ ಕೇಳಿದ್ರು. ನಾ ಕಣ್ಣು ಮುಚ್ಚಿದೆ.

“ಕಾಣ್ತಾರ್ರಿ. ಸೆರಗು ಟೊಂಕಕ್ಕ ಸಿಗಿಸ್ಯಾರ. ಹಸಿರು ಸೀರಿ ಉಟ್ಟಾರ.”

“ಹಸಿರು ಆಕಿ ಉಡ್ತಿರ್ಲಿಲ್ಲ. ಹಸಿರು ಉಟ್ಟಾಗ ಅವರವ್ವ ಸತ್ತ ಸುದ್ದಿ ಬಂದಿತ್ತು. ಮುಂದ ಒಂದು ದಿನಾನೂ ಮೈಗೆ ಹಚ್ಚಲಿಲ್ಲ.”

ನಾ ಕಣ್ಣು ತಗದೆ. ಹಸಿರು ಅಷ್ಟು ಖರೇ ಕಂಡಿತ್ತು, ಅಂಚು ಸೈತ ಕಂಡಿತ್ತು. ತೊಲಿ ಇಲ್ಲದ ಪಾವಟಿಗಿನೂ ಹಂಗ ಕಂಡಿತ್ತಲ್ಲ.

ಅವರ ಹಂತ್ಯಾಕ ವೈನಿದು ಇದ್ದದ್ದು ಒಂದ ಫೋಟೋ, ಮದಿವಿದು. ಗಾಜಿನ ಕಟ್ಟು ಹಾಕಿಸಿ ಗ್ವಾಡಿಗೆ ಬಡದಿದ್ರು. ಗೋವಾದ ಮಳಿ ಗೊತ್ತಲ್ಲ, ನಾಕು ತಿಂಗಳು ಅಕ್ಕಿ ಡಬ್ಬಿ ಸೈತ ಬೆವರ್ತೈತಿ. ಮೇಸ್ತ್ರಿ ಊರಾಗ ಇದ್ದಾಗ ಮುಚ್ಚಿದ ಖೋಲ್ಯಾಗ ತ್ಯಾವ ಒಳಗ ಹೋಗಿ, ವೈನಿ ಮಾರಿ ಗಾಜಿಗೆ ಹತ್ತಿಬಿಟ್ಟಿತ್ತು. ಬಿಡಸಾಕ ಹೋದ್ರ ಗಾಜಿನ ಜೋಡಿ ಸಿಪ್ಪಿಯಂಗ ಎದ್ದು ಬಂತು. ಮೇಸ್ತ್ರಿ ಮಾರಿ ನೆಟ್ಟಗ ಉಳದಿತ್ತು, ಬಾಜೂಕ ಬಿಳಿ ತೂತು. ಮತದಾನದ ಕಾರ್ಡಿನ್ಯಾಗಿನ ಮಾರಿ ಬರೇ ಮಸಿ. ಕ್ಯಾಮೆರಾದ ಫೋನ್ ಆಗ ನಮ್ಮಂಥವರ ಕೈಗೆ ಬಂದಿರ್ಲಿಲ್ಲ. “ಎದುರಿಗೆ ಬಂದ್ರ ಸಾವಿರ ಮಂದ್ಯಾಗ ಗುರುತ ಹಿಡೀತೇನಿ. ಬರೂದಿಲ್ಲಲ್ಲ” ಅಂದ್ರು. ಅವರಿಗೆ ಮತ್ತೇನೂ ಬೇಕಾಗಿರ್ಲಿಲ್ಲ. ಆಕಿ ಮಾರಿ ಒಂದು ಬೇಕಾಗಿತ್ತು, ಹೊರಗ ಎಲ್ಲ್ಯಾರ ಇಟಗೊಂಡು ನೋಡಾಕ. ಒಳಗ ಇಡಾಕ ಅವರಿಗೆ ಜಾಗಾನ ಇರ್ಲಿಲ್ಲ.

ಮುಂದಿನ ವರ್ಷ ನಮಗ ಕಾಣಕೋಣದಾಗ ಎರಡು ತಿಂಗಳು ಕೆಲಸ ಬಂತು, ಸಮುದ್ರದ ದಂಡಿಗೆ ಒಂದು ವಸತಿಗೃಹ. ಅಲ್ಲಿ ಉಸುಕಿನ್ಯಾಗ ಸ್ಟೂಲ್ ಹಾಕ್ಕೊಂಡು ಒಬ್ಬ ಕುಂದರತಿದ್ದ, ಬಂದ ಪ್ರವಾಸಿಗರ ಮಾರಿ ಪೆನ್ಸಿಲ್‌ಲೆ ತಗೀತಿದ್ದ. ಕಾರವಾರದಾಂವ, ಕನ್ನಡ ಬರ್ತಿತ್ತು. ನನಗ ಒಂದು ವಿಚಾರ ಹೊಳೀತು. ಒಂದು ಐತವಾರ ಮೇಸ್ತ್ರಿನ್ನ ಕರಕೊಂಡು ಹೋದೆ.

“ಸತ್ತವರದು. ಫೋಟೋ ಇಲ್ಲ. ನಾ ಹೇಳ್ತೇನಿ, ನೀವು ತಗೀರಿ. ಸರಿ ಐತೋ ಇಲ್ಲೋ ಇವರು ಹೇಳ್ತಾರ” ಅಂದೆ.

ಅಂವ ಹಿಂಗ ಯಾವತ್ತೂ ಮಾಡಿರ್ಲಿಲ್ಲ. ಆದ್ರ ಮನಷ್ಯಾ ಚಲೋ, ಆಗಲಿ ಅಂದ. ನಾ ಕಣ್ಣು ಮುಚ್ಚಿ ಕುಂತು ಹೇಳಿಕೋತ ಹೋದೆ. ಮಾರಿ ಗುಂಡಗ, ಕಣ್ಣು ದೊಡ್ಡವು, ಗಲ್ಲ ತುಂಬಿದ್ದು. ಅಂವ ತಗದ. ಮೇಸ್ತ್ರಿ ನೋಡಿ, “ಅಲ್ಲ” ಅಂದ್ರು.

“ಎಲ್ಲಿ ತಪ್ಪೈತ್ರಿ?” ಅಂತ ಕೇಳಿದ ಅಂವ.

“ಗೊತ್ತಿಲ್ಲ. ಆಕಿ ಅಲ್ಲ, ಅಷ್ಟ ಗೊತ್ತು.”

ಎರಡನೇ ಹಾಳಿ. ಅಲ್ಲ. ಮೂರನೇದು. ಅಲ್ಲ. ನಾಕನೇದಕ್ಕ ಮೇಸ್ತ್ರಿ ತಮ್ಮ ಹೆಬ್ಬೆರಳು ಮುಂದ ಮಾಡಿ, “ಹುಬ್ಬಿನ ನಡುವ ಇದು ಸರಿ ಕೂಡಬೇಕು. ಜಡ್ಡಿನ್ಯಾಗ ಆಕಿ ಕೈ ಎತ್ತಲಾರದಾಗ ನಾನ ಕುಂಕುಮ ಹಚ್ಚತಿದ್ದೆ” ಅಂದ್ರು. ಚಿತ್ರದಾಂವ ಅವರ ಹೆಬ್ಬೆರಳು ಹಾಳಿ ಮ್ಯಾಲೆ ಇಡಿಸಿಕೊಂಡು, ಚಿತ್ರದ ಅಳತಿಗೆ ಇಳಿಸಿ ಹುಬ್ಬು ತಿದ್ದಿದ. ಮತ್ತೂ ಅಲ್ಲ.

ಹೊತ್ತು ಇಳೀತು. ನನ್ನ ತಲಿ ಸಿಡ್ಯಾಕತ್ತಿತ್ತು. ಒಂದ ಮಾರಿನ್ನ ಅಷ್ಟೊತ್ತು ಹಿಡದು ಕುಂದರೂದು ಸಿಮೆಂಟ್ ಚೀಲ ಹೊತ್ತು ನಿಂತಂಗ. ಅವರು ಐದನೇ ಸಲ “ಅಲ್ಲ” ಅಂದಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ನಿಮಗ ಕಾಣೂದ ಇಲ್ಲ, ತಪ್ಪು ಹೆಂಗ ಹಿಡೀತೀರಿ? ಕಾಣಾವ ನಾನು. ನಾ ಹೇಳೂದು ಸುಳ್ಳೇನು?”

ಚಿತ್ರದಾಂವ ಪೆನ್ಸಿಲ್ ನಿಲ್ಲಿಸಿದ. ಮೇಸ್ತ್ರಿ ಸಮುದ್ರದ ಕಡೆ ಮಾರಿ ತಿರುವಿದ್ರು. ನನಗ ಆಗಲೇ ನಾಲಿಗಿ ಕಡಕೋಬೇಕು ಅನಿಸಿತ್ತು, ಆದ್ರ ಆಡಿದ ಮಾತು ಹೋಗಿ ಕೂತಾಗಿತ್ತು. ಚಿತ್ರದಾಂವ ಅದ ಹಾಳಿ ಮ್ಯಾಲೆ ಗಲ್ಲಕ್ಕ ಒಂದೆರಡು ಗೆರಿ ಹಾಕಿ ತೋರಿಸಿದ. ಮೇಸ್ತ್ರಿ ಹಾಳಿ ಕೈಯಾಗ ತಗೊಂಡು ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ನನ್ನ ನೋಡಿದ್ರು.

“ಹ್ಞೂಂ. ಇಕಿನ” ಅಂದ್ರು.

ನನಗ ಎಷ್ಟು ಖುಷಿ ಆತು ಅಂದ್ರ ಅಲ್ಲೇ ಉಸುಕಿನ್ಯಾಗ ಅಳಾಕ ಹತ್ತಿದೆ. ಪಾವಟಿಗಿ ತಪ್ಪಿಗೆ ಇವತ್ತು ಸರಿ ಆತು ಅನ್ಕೊಂಡೆ. ಮೇಸ್ತ್ರಿ ನನ್ನ ಬೆನ್ನು ತಟ್ಟಿ, “ನಡಿ, ಚಹಾ ಕುಡಿಯೂಣು” ಅಂದ್ರು.

ತ್ಯಾವಕ್ಕ ಮತ್ತ ಕೆಡಬಾರದು ಅಂತ ಅವರು ಹಾಳಿ ಸುತ್ತಿ, ನೀರಿನ ಪೈಪಿನ ಒಂದು ತುಂಡಿನ್ಯಾಗ ಹಾಕಿ, ಎರಡೂ ಕಡೆ ಮುಚ್ಚಳ ಬಿಗದ್ರು. ಹದಿನೈದು ವರ್ಷ ಅದು ಅವರ ತಲಿದಿಂಬಿನ ಬಾಜೂಕ ಇತ್ತು. ಒಮ್ಮೊಮ್ಮೆ ಕೇಳ್ತಿದ್ದೆ, ಚಿತ್ರ ನೋಡ್ತೀರೇನ್ರಿ ಅಂತ. “ನೋಡ್ತೇನಿ” ಅಂತಿದ್ರು, ಅಷ್ಟ. ಅವರ ಬೆನ್ನು ಸೋತು ಕೆಲಸ ಆಗಲಾರದಾದಾಗ ಮಗಳು ಬಂದು ಊರಿಗೆ ಕರಕೊಂಡು ಹೋದ್ಲು. ಬಸ್ ಹತ್ತೂ ಮುಂದ ಅವರ ಕೈಯಾಗ ಇದ್ದದ್ದು ಒಂದು ಚೀಲ ಮತ್ತ ಆ ಪೈಪು. ದಾರದ ಉಂಡಿ ನನ್ನ ಕಿಸೆದಾಗ ಹಾಕಿದ್ರು. ಅದ್ರಾಗ ವೈನಿ ಮುಂಗೈ ಗಂಟು ಹಂಗ ಇತ್ತು, ನಾ ಬಿಚ್ಚಿಲ್ಲ.

ನನ್ನ ಕಥಿ ಹೇಳಬೇಕಂದ್ರ, ಆ ಚಿತ್ರ ತಗಿಸಿದ ಮ್ಯಾಲೆ ನನಗ ವೈನಿ ಕಾಣೂದು ನಿಂತೈತಿ. ಕಣ್ಣು ಮುಚ್ಚಿದ್ರ ಆ ಪೆನ್ಸಿಲ್ ಮಾರಿನ ಬರ್ತೈತಿ. ಕಾಗದದ ಸುಕ್ಕು ಸಮೇತ.

ಮನ್ನೆ, ಮೊದಲ ಫೋನ್ ಬಂದು ಮೂರು ದಿನಕ್ಕ, ಮಗಳು ಮತ್ತ ಫೋನ್ ಮಾಡಿದ್ಲು. ನಾ ಫೋಟೋ ಕಳಿಸಿರ್ಲಿಲ್ಲ, ಅದನ್ನ ಕೇಳಾಕ ಅನ್ಕೊಂಡೆ. ಅದಲ್ಲ. “ಕಾಕಾ, ಅಪ್ಪನ ಟ್ರಂಕಿನ್ಯಾಗ ಒಂದು ಪೈಪ್ ಸಿಕ್ತು. ಒಳಗ ಒಂದು ಹೆಣ್ಣುಮಗಳ ಚಿತ್ರ ಐತಿ. ಕಳಿಸೇನಿ ನೋಡ್ರಿ. ಅವ್ವ ಏನ್ರಿ ಇದು? ಅವ್ವನಂಗೂ ಐತಿ, ಅಲ್ಲದಂಗೂ ಐತಿ.”

“ನಿಮ್ಮವ್ವನವಾ” ಅಂದೆ.

“ಇರಬೇಕ್ರಿ. ಆದ್ರ ಹಿಂದ ಅಪ್ಪ ಏನೇನೋ ಬರದಾರ. ಅದನ್ನೂ ಕಳಿಸೇನಿ.”

ಆಕಿ ಲೈನಿನ್ಯಾಗ ಇದ್ದಂಗನ, ಟೈಲ್ಸ್ ಮ್ಯಾಲೇ ಕುಂತು ಕಳಿಸಿದ್ದನ್ನ ತಗದು ನೋಡಿದೆ. ಮೊದಲಿಂದು ಚಿತ್ರ. ಎರಡನೇದು ಹಾಳಿ ಬೆನ್ನು. ಮೇಸ್ತ್ರಿ ಅಕ್ಷರ, ಗ್ವಾಡಿ ಮ್ಯಾಲೆ ನೋಡಿ ನೋಡಿ ಬಾಯಿಪಾಠ ಆದ ಅಕ್ಷರ. ಒಂದ ದಿನ ಬರದದ್ದಲ್ಲ. ಒಂದು ಸಾಲು ದಟ್ಟ, ಒಂದು ಸಾಲು ಮಾಸಿದ್ದು, ಒಂದೊಂದು ಒಂದೊಂದು ವರ್ಷದ್ದು ಅಂತ ಕಾಣ್ತೈತಿ. ಕೈ ಅಡ್ಡ ಇಟ್ಟು ಒಮ್ಮೆ ಕಣ್ಣಷ್ಟ, ಒಮ್ಮೆ ಗದ್ದಷ್ಟ ನೋಡಿ ನೋಡಿ ತಪ್ಪು ಹಿಡದಿರಬೇಕು.

‘ಕಣ್ಣು ಅರ್ಧ ಬೆರಳು ಮ್ಯಾಲೆ.’

‘ಗದ್ದ ಉದ್ದ.’

‘ಹುಬ್ಬಿನ ನಡುವ ಸರಿ.’

‘ಬಾಯಿ ಆಕಿದಲ್ಲ.’

ಕೆಳಗ, ಎಲ್ಲಾದ್ರಕಿಂತ ಒತ್ತಿ ಬರದದ್ದು ಒಂದ ಮಾತು.

‘ಇರ್ಲಿ.’

“ಏನ್ ಬರದಾರ್ರಿ ಕಾಕಾ ಅದು?” ಅಂತ ಕೇಳಿದ್ಲು ಆಕಿ.

“ಅಳತಿ ಬರದಾರವಾ” ಅಂದೆ.

ಅರ್ಧ ಬೆರಳು ಬಿಡದ ಮನಷ್ಯಾ. ಅವತ್ತು ದಂಡಿ ಮ್ಯಾಲೆ ನನ್ನ ಮಾರಿ ನೋಡಿ, ಇಕಿನ ಅಂದ್ರಲ್ಲ, ಅದು ವೈನಿ ಮಾರಿ ಕಂಡು ಅಂದದ್ದಲ್ಲ. ಇಪ್ಪತ್ತು ವರ್ಷದಾಗ ನನ್ನ ಕೈಯಿಂದ ಆದ ತಪ್ಪಿನೊಳಗ ಮೇಸ್ತ್ರಿ ಒಡಿಸದ ಬಿಟ್ಟದ್ದು ಅದೊಂದ.